ಮೂವತ್ತೇಳು ಕೋಟಿಯ ಲಿಫ್ಟು

ಆ ಭಾನುವಾರ ಬೆಳಿಗ್ಗೆ ಪೇಪರ್ ಬರುವವರೆಗೆ ತೂಕದವರ ಮನೆಯ ಸೋಫಾ ಬರೀ ಸೋಫಾ ಆಗಿತ್ತು. ಎಡಗಡೆಯ ಕೈ ಸಡಿಲ, ನಡುಭಾಗ ತಗ್ಗು. ಮೂವರು ನೆಂಟರು ಕೂತರೆ ಮಾತು ಮುಗಿಯುವ ಹೊತ್ತಿಗೆ ಮೂವರೂ ನಡುವಿಗೆ ಜಾರಿ ಒಬ್ಬರಿಗೊಬ್ಬರು ಒರಗಿಕೊಂಡಿರುತ್ತಿದ್ದರು. ಪೇಪರ್ ಓದಿ ಮುಗಿಯುವಷ್ಟರಲ್ಲಿ ಅದರ ಬೆಲೆ ಹದಿನಾಲ್ಕು ಲಕ್ಷದ ಎಪ್ಪತ್ತು ಸಾವಿರ ಆಗಿಹೋಯಿತು.

ತೂಕದವರು ಎಂದರೆ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ, ತಕ್ಕಡಿ ಸರಿಯಿದೆಯೇ ಎಂದು ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು ಅವರ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮುದ್ರೆ ಬೀಳುತ್ತಿರಲಿಲ್ಲ. ಇದಕ್ಕಾಗಿ ಅಂಗಡಿಯವರು ಅವರಿಗೆ ಹೆದರುತ್ತಿದ್ದರು, ಮನೆಯವರು ಮಾತ್ರ ಯಾವ ಕಾರಣಕ್ಕೂ ಹೆದರುತ್ತಿರಲಿಲ್ಲ. ಏಕೆಂದರೆ ತಕ್ಕಡಿಯಿಂದ ಕಣ್ಣು ಕಿತ್ತ ಕೂಡಲೇ ಈ ಮನುಷ್ಯ ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡು ತರಕಾರಿಗೆ ಹೋಗಿ, ಚೀಲ ಮರೆತು, ಅದನ್ನು ತರಲು ವಾಪಸು ಬಂದು, ತರಕಾರಿಯನ್ನೇ ಮರೆಯುವ ಜಾತಿಯವರು.

ಪೇಪರಿನ ಒಳಪುಟದಲ್ಲಿ ಒಂದು ವಿದೇಶಿ ಕಂಪನಿಯ ಸಮಾಚಾರವಿತ್ತು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಚಿಪ್ ಮಾಡುವ ಕಂಪನಿ. ಇಪ್ಪತ್ತು ವರ್ಷದ ಹಿಂದೆ ಅದರ ಒಂದು ಶೇರಿಗೆ ಎಷ್ಟಿತ್ತು, ಈಗ ಎಷ್ಟಿದೆ ಎಂದು ಅಕ್ಕಪಕ್ಕದಲ್ಲಿ ಹಾಕಿದ್ದರು. ತೂಕದವರು ಭಾಗಿಸಿ ನೋಡಿದರು. ಮೂವತ್ತೈದು ಪಟ್ಟು. ಅಲ್ಲಿಗೇ ಪೇಪರ್ ಮಡಿಸಿ ಸ್ನಾನಕ್ಕೆ ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷದ ಹಿಂದೆ, ಹೆಚ್ಚುಕಡಿಮೆ ಅದೇ ತಿಂಗಳಲ್ಲಿ, ಹೆಂಡತಿಯ ಅಣ್ಣ ಮನೆಗೆ ಬಂದಾಗ ಕೂರಿಸಲು ಚಾಪೆ ಬಿಟ್ಟರೆ ಬೇರೆ ಗತಿಯಿಲ್ಲದೆ, ನಾಚಿಕೆಯಾಗಿ, ನಲವತ್ತೆರಡು ಸಾವಿರ ಕೊಟ್ಟು ಈ ಸೋಫಾ ತಂದದ್ದು ಅವರಿಗೆ ನೆನಪಾಗಿಬಿಟ್ಟಿತು.

"ಏಳು, ಏಳು," ಎಂದರು ಹೆಂಡತಿಗೆ. ಆಕೆ ಸೋಫಾದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಯಾಕ್ರೀ?"

"ನೀನು ಎಷ್ಟರ ಮೇಲೆ ಕೂತಿದೀಯ ಗೊತ್ತಾ? ಹದಿನಾಲ್ಕು ಲಕ್ಷದ ಎಪ್ಪತ್ತು ಸಾವಿರದ ಮೇಲೆ."

ಹೆಂಡತಿ ಎದ್ದು, ಕೂತ ಜಾಗವನ್ನು ಒಮ್ಮೆ ನೋಡಿ, ಮತ್ತೆ ಕೂತಳು. ತೂಕದವರು ಪೇಪರ್ ತೋರಿಸಿ ಎಲ್ಲ ವಿವರಿಸಿದರು. ಆಕೆ ಒಂದು ಅಂಗಿಯ ಕಾಲರು ಸರಿಮಾಡುತ್ತ ಕೇಳಿದಳು.

"ಆಗ ನಿಮಗೆ ಈ ಕಂಪನಿ ಹೆಸರು ಗೊತ್ತಿತ್ತಾ?"

"ಇಲ್ಲ."

"ಶೇರು ಅಂದ್ರೆ ಏನು ಅಂತ?"

"ಅದೂ ಇಲ್ಲ. ಗೊತ್ತಿದ್ದಿದ್ರೆ ಅಂತ ಹೇಳ್ತಿದೀನಿ."

"ಸರಿ. ನಾಳೆ ನಲ್ಲಿ ರಿಪೇರಿಯವನು ಬರ್ತಾನೆ. ಆ ಹದಿನಾಲ್ಕು ಲಕ್ಷದಲ್ಲಿ ಅವನಿಗೊಂದು ಐನೂರು ತೆಗೆದಿಡಿ," ಎಂದು ಆಕೆ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ತಮ್ಮ ಮಾತಿಗೆ ಮನೆಯಲ್ಲಿ ಬೆಲೆಯಿಲ್ಲ ಎಂಬುದು ತೂಕದವರಿಗೆ ಹೊಸ ವಿಷಯವೇನಲ್ಲ. ಅವರು ಪೇಪರನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟು, ಮರುದಿನ ಆಫೀಸಿಗೆ ಒಯ್ದರು.

ಆಫೀಸಿನಲ್ಲಿ ಗಾಜಿನ ಬೀರುವೊಳಗೆ ಹಿತ್ತಾಳೆಯ ತೂಕದ ಬಟ್ಟುಗಳು ಸಾಲಾಗಿ ಕೂತಿರುತ್ತವೆ. ಆ ಬೀರುವಿನ ಪಕ್ಕದ ಕೋಣೆಯಲ್ಲಿ ಸಾಹೇಬರು ಕೂತಿರುತ್ತಾರೆ. ಹನ್ನೊಂದು ವರ್ಷಗಳಲ್ಲಿ ಸಾಹೇಬರು ತೂಕದವರಿಗೆ ಒಮ್ಮೆಯೂ ಕೂತುಕೊಳ್ಳಿ ಎಂದವರಲ್ಲ. ಆ ದಿನ ಸೋಫಾದ ಕಥೆ ಗೋಡೆಯಾಚೆಯಿಂದ ಕಿವಿಗೆ ಬಿದ್ದು, ಒಳಗೆ ಕರೆಸಿಕೊಂಡರು.

"ಕೂತ್ಕೊಳ್ರೀ. ನಾನೂ ಅದೇ ವರ್ಷ ಒಂದು ಕಾರು ತಗೊಂಡಿದ್ದೆ. ಎರಡು ಲಕ್ಷ. ಅದಕ್ಕೆಷ್ಟಾಗುತ್ತೆ ನೋಡಿ."

ತೂಕದವರು ಬಾಯಲ್ಲೇ ಗುಣಿಸಿದರು. "ಎಪ್ಪತ್ತು ಲಕ್ಷ ಸಾರ್. ಕಾರು ಈಗೆಲ್ಲಿದೆ?"

"ಗುಜರಿಗೆ ಹಾಕಿದೆ. ಹನ್ನೆರಡು ಸಾವಿರ ಕೊಟ್ಟ."

ಆಮೇಲೆ ಸಾಹೇಬರು ಫೈಲು ಮುಚ್ಚಿ, ಮೈಯಲ್ಲಿ ಹುಷಾರಿಲ್ಲ ಎಂದು ಅರ್ಧ ದಿನ ರಜೆ ಬರೆದು ಮನೆಗೆ ಹೋದರು. ಕೂತಿದ್ದ ಕುರ್ಚಿಯ ಮೆತ್ತನೆಯ ಸುಖ ತೂಕದವರ ಬೆನ್ನಿಗೆ ಅಂಟಿಕೊಂಡಿತು. ಒಬ್ಬ ಮನುಷ್ಯನ ಅಧಃಪತನಕ್ಕೆ ಅಷ್ಟು ಸಾಕು.

ಅವರು ವಾಸವಿದ್ದ ಕಟ್ಟಡದಲ್ಲಿ ಹನ್ನೆರಡು ಮನೆ, ನಾಲ್ಕು ಅಂತಸ್ತು. ತೂಕದವರದು ತುತ್ತತುದಿ, ಮೂರನೇ ಮಹಡಿ. ಸುದ್ದಿ ಮೆಟ್ಟಿಲಿಳಿಯಲು ಒಂದು ದಿನವೂ ಬೇಕಾಗಲಿಲ್ಲ. ಎರಡನೇ ಮಹಡಿಯ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಕುರ್ಚಿಯ ಲೆಕ್ಕ ಹಾಕಿಸಿಕೊಂಡರು. ಮೂರು ಲಕ್ಷದ ಕುರ್ಚಿ ಒಂದು ಕೋಟಿ ಐದು ಲಕ್ಷವಾಯಿತು. ಅಂದಿನಿಂದ ಅವರಿಗೆ ಅದರ ಮೇಲೆ ಯಾರಾದರೂ ಕಾಲು ಚಾಚಿ ಮಲಗಿದರೆ ಸಹಿಸಲಾಗದಾಯಿತು. ರೋಗಿಯ ಬಾಯಿ ತೆರೆಸಿ, ಅದರೊಳಗೆ ಕನ್ನಡಿ ಇಟ್ಟು, "ನೀವು ಮಲಗಿರೋದು ಒಂದು ಕೋಟಿ ಮೇಲೆ, ಗೊತ್ತಾ?" ಎಂದು ಕೇಳುತ್ತಿದ್ದರಂತೆ. ರೋಗಿ ಉತ್ತರ ಕೊಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ, ಬಿಲ್ಲು ಎಷ್ಟಾದೀತೆಂದು ಬೆವರುತ್ತಿದ್ದ. ಡಾಕ್ಟರ ಹೆಂಡತಿ, ಮದುವೆಯಾದ ಹೊಸದರಲ್ಲಿ ಗಂಡ ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದರ ಲೆಕ್ಕ ಕೇಳಿದಳು. ಇಪ್ಪತ್ತೆಂಟು ಲಕ್ಷ ಬಂತು.

"ಅಷ್ಟು ದುಡ್ಡು ಸುರಿದು ಏನು ನೋಡಿದ್ವಿ? ನಾಲ್ಕು ದಿನವೂ ಮಳೆ. ಇವರಿಗೆ ಶೀತ," ಎಂದು ಆಕೆ ಗಂಡನ ಕಡೆ ನೋಡಿದ ನೋಟಕ್ಕೆ ತೂಕದವರೇ ತಲೆ ತಗ್ಗಿಸಿದರು.

ಖರೀದಿಯ ವರ್ಷ ಸ್ವಲ್ಪ ಹಿಂದೆಮುಂದೆ ಇದ್ದರೆ ಅವರು ಅಡ್ಡಿ ಮಾಡುತ್ತಿರಲಿಲ್ಲ. ಉದಾರವಾಗಿ ಎಲ್ಲವನ್ನೂ ಮೂವತ್ತೈದರಿಂದಲೇ ಗುಣಿಸುತ್ತಿದ್ದರು. ಒಂದನೇ ಮಹಡಿಯ ಸಂಗೀತದ ಟೀಚರಿಗೆ ಹಾರ್ಮೋನಿಯಮ್ಮಿನಿಂದ ಏಳು ಲಕ್ಷ ನಷ್ಟ ಎಂದು ತಿಳಿಸಿದರು. ಆಕೆ, "ಇರಲಿ ಬಿಡಿ, ನುಡಿಸಿದೀನಲ್ಲ," ಎಂದು ಬಾಗಿಲು ಹಾಕಿಕೊಂಡರು. ಅವರಿಗೆ ಹಣದ ವಿಷಯದಲ್ಲಿ ಗಾಂಭೀರ್ಯ ಸಾಲದು ಎಂದು ತೂಕದವರು ತೀರ್ಮಾನಿಸಿದರು.

ಆ ವಾರದ ಕೊನೆಗೆ ಹೆಂಡತಿಯ ಅಣ್ಣ ಬಂದರು. ಬಂದವರು ಚಪ್ಪಲಿ ಬಿಟ್ಟು, ಸೋಫಾದ ಮುಂದೆ ಬಂದು, ಕೈಕಟ್ಟಿ ನಿಂತರು.

"ಕೂತ್ಕೊಳಿ ಭಾವ," ಎಂದರು ತೂಕದವರು.

"ಬೇಡ. ಆವತ್ತು ನಾನು ಕೂತಿದ್ದಕ್ಕೇ ನಿಮಗೆ ಹದಿನಾಲ್ಕು ಲಕ್ಷ ಹೋಯ್ತಂತೆ. ಊರೆಲ್ಲ ಹೇಳ್ಕೊಂಡು ತಿರುಗ್ತಿದೀರಂತೆ."

"ಅಯ್ಯೋ, ಹಾಗಲ್ಲ ಭಾವ..."

"ಎಪ್ಪತ್ತು ಸಾವಿರ ಬೇರೆ. ನಾನು ನಿಂತೇ ಇರ್ತೀನಿ. ನನಗೇನು, ಕಾಲು ಗಟ್ಟಿಯಾಗಿದೆ."

"ಅಣ್ಣಾ, ಕಾಫಿಯಾದ್ರೂ ಕೂತು ಕುಡಿ," ಎಂದಳು ತಂಗಿ.

ಅಣ್ಣ ಕಾಫಿಯನ್ನೂ ನಿಂತೇ ಕುಡಿದರು. ನಿಂತೇ ಮಕ್ಕಳ ಓದಿನ ವಿಷಯ, ಸೈಟಿನ ವಿಷಯ, ಬೀಗರ ಆರೋಗ್ಯದ ವಿಷಯ ಮಾತಾಡಿದರು. ಅತಿಥಿ ನಿಂತಿರುವಾಗ ತಾವು ಕೂರುವಂತಿಲ್ಲವಾದ್ದರಿಂದ ಗಂಡ ಹೆಂಡತಿಯೂ ನಿಂತರು. ಹದಿನಾಲ್ಕು ಲಕ್ಷದ ಸೋಫಾ ಖಾಲಿ ಕೂತಿತ್ತು. ಅಣ್ಣ ಹೋದ ಮೇಲೆ ಹೆಂಡತಿ ಸೊಂಟ ಹಿಡಿದುಕೊಂಡು, "ಇನ್ನೊಂದು ಸಲ ಈ ಮನೇಲಿ ಮೂವತ್ತೈದು ಅನ್ನೋ ಶಬ್ದ ಕೇಳಿಸಿದ್ರೆ ನೋಡಿ," ಎಂದಳು.

ಇಷ್ಟಕ್ಕೇ ನಿಂತಿದ್ದರೂ ಚಿಂತೆಯಿರಲಿಲ್ಲ. ಆದರೆ ನಡುವೆ ಲಿಫ್ಟಿನ ವಿಷಯ ಬಂತು.

ತೂಕದವರ ತಾಯಿಗೆ ಮಂಡಿ ನೋವು. ಮೆಟ್ಟಿಲಿಳಿದು ಎರಡು ವರ್ಷವಾಗಿತ್ತು. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೆಳಗಿನ ಬೀದಿ ನೋಡುವುದೇ ಅವರ ಸಂಚಾರ. ಬೀದಿಯಲ್ಲಿ ಹೊಸ ಅಂಗಡಿ ತೆರೆದರೆ ಬೋರ್ಡು ಮಾತ್ರ ಕಾಣುತ್ತಿತ್ತು, ಒಳಗೇನಿದೆ ಎಂದು ಸೊಸೆಯನ್ನು ಕೇಳಬೇಕಿತ್ತು. ಎರಡನೇ ಮಹಡಿಯಲ್ಲಿ ಡಾಕ್ಟರ ಅತ್ತೆಯವರದೂ ಅದೇ ಪಾಡು. ಇಬ್ಬರೂ ಸಂಜೆ ತಮ್ಮ ತಮ್ಮ ಕಿಟಕಿಯಲ್ಲಿ ಕೂತು, ಒಬ್ಬರ ಮುಖ ಒಬ್ಬರಿಗೆ ಕಾಣದೆ, ಮೇಲಕ್ಕೂ ಕೆಳಕ್ಕೂ ಕೂಗಿ ಮಾತಾಡಿಕೊಳ್ಳುತ್ತಿದ್ದರು. ಕಟ್ಟಡದ ಸಂಘದವರು ಅಂತೂ ಇಂತೂ ತಿಂಗಳು ತಿಂಗಳು ಕೂಡಿಸಿ ಲಿಫ್ಟಿಗೆಂದು ಒಂಬತ್ತು ಲಕ್ಷ ಮಾಡಿಟ್ಟಿದ್ದರು. ಅದಕ್ಕಾಗಿ ಬಿಟ್ಟಿದ್ದ ಗುಂಡಿಯಲ್ಲಿ ಸದ್ಯಕ್ಕೆ ಮುರಿದ ಸೈಕಲ್ಲುಗಳೂ ಒಂದು ತಳವಿಲ್ಲದ ಬಕೆಟ್ಟೂ ವಾಸವಾಗಿದ್ದವು. ಲಿಫ್ಟ್ ಕಂಪನಿಯವರ ಕೊಟೇಶನ್ ಬಂದಿತ್ತು. ಒಪ್ಪಿಗೆ ಕೊಡಲು ಭಾನುವಾರ ಸಭೆ ಎಂದು ಗೇಟಿಗೆ ಚೀಟಿ ಅಂಟಿಸಿದ್ದರು.

"ಈ ಸಲ ಆಗೇ ಆಗುತ್ತೆ ಅಲ್ವೇನೋ?" ಎಂದು ತಾಯಿ ಸಭೆಗೆ ಹೊರಟ ಮಗನನ್ನು ಕೇಳಿದರು.

"ಆಗದೆ ಏನಮ್ಮ. ಬರೀ ಕೈ ಎತ್ತೋದೊಂದು ಬಾಕಿ," ಎಂದು ತೂಕದವರು ಇಳಿದರು.

ಸಭೆ ನಡೆಯುವುದು ನೆಲಮಹಡಿಯಲ್ಲಿ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ. ಅಧ್ಯಕ್ಷರು ಅಲ್ಲೇ ನೆಲಮಹಡಿಯ ಮನೆಯ ನಿವೃತ್ತ ಸ್ಟೇಷನ್ ಮಾಸ್ಟರು. ಇಡೀ ಜನ್ಮ ಗಾಡಿಗಳಿಗೆ ಹಸಿರು ಬಾವುಟ ತೋರಿಸಿ ಅಭ್ಯಾಸವಾಗಿ, ಈಗಲೂ ಯಾವ ವಿಷಯ ಬಂದರೂ ಹೊರಡಿಸಿಬಿಡುವುದೇ ಅವರ ಸ್ವಭಾವ. ಅವರು ಕೊಟೇಶನ್ ಓದಲು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಡಾಕ್ಟರು ಎದ್ದು ನಿಂತರು.

"ಒಂದು ನಿಮಿಷ. ಒಂಬತ್ತು ಲಕ್ಷ ಖರ್ಚು ಮಾಡೋ ಮುಂಚೆ ನಮ್ಮ ತೂಕದವರ ಹತ್ರ ಒಂದು ಲೆಕ್ಕ ಹಾಕಿಸೋದು ಒಳ್ಳೇದು ಅಂತ ನನ್ನ ಸೂಚನೆ."

ಹನ್ನೊಂದು ಮನೆಗಳ ಮುಖ ತೂಕದವರ ಕಡೆ ತಿರುಗಿತು. ಯಾರೋ ಕುರ್ಚಿ ಸರಿಸಿ ದಾರಿ ಮಾಡಿಕೊಟ್ಟರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಸಭೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಹಿಂದಿನ ಇಪ್ಪತ್ತು ವರ್ಷದಲ್ಲಿ ಮೂವತ್ತೈದು ಪಟ್ಟು, ಆದ್ದರಿಂದ ಮುಂದಿನ ಇಪ್ಪತ್ತು ವರ್ಷದಲ್ಲೂ ಮೂವತ್ತೈದು ಪಟ್ಟು, ಆದ್ದರಿಂದ ಒಂಬತ್ತು ಲಕ್ಷ ಎಂದರೆ ಮೂರು ಕೋಟಿ ಹದಿನೈದು ಲಕ್ಷ ಎಂದರು. ಈ ಮೊದಲನೆಯ 'ಆದ್ದರಿಂದ' ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ, ಅವರೂ ಕೇಳಿಕೊಳ್ಳಲಿಲ್ಲ.

"ಮೂರು ಕೋಟಿ ಕೊಟ್ಟು ಲಿಫ್ಟ್ ಹಾಕಿಸೋ ದಡ್ಡರು ನಾವಲ್ಲ," ಎಂದರು ಅಧ್ಯಕ್ಷರು. ಅವರಿಗೆ ನೆಲಮಹಡಿಯಲ್ಲಿ ಲಿಫ್ಟು ಬೇಕಾಗಿಯೂ ಇರಲಿಲ್ಲ. "ಇಪ್ಪತ್ತು ವರ್ಷ ತಡೆದರೆ ಲಿಫ್ಟೇನು, ಪಕ್ಕದಲ್ಲೇ ಇನ್ನೊಂದು ಕಟ್ಟಡ ಎಬ್ಬಿಸಬಹುದು. ಲಿಫ್ಟ್ ರದ್ದು, ದುಡ್ಡು ಆ ವಿದೇಶಿ ಕಂಪನಿಗೆ. ಒಪ್ಪಿದವರು ಕೈ ಎತ್ತಿ."

ಕೈಗಳು ಎದ್ದವು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ತೂಕದವರ ಬಲಗೈಯೂ ಮೇಲೆದ್ದಿತ್ತು. ಅದು ಯಾವಾಗ ಎದ್ದಿತು ಎಂಬುದು ಕೈಯ ಯಜಮಾನರಿಗೇ ತಿಳಿಯದು.

ಮೆಟ್ಟಿಲು ಹತ್ತುವಾಗ ಒಂದನೇ ಮಹಡಿಯವರೆಗೆ ಅವರ ಎದೆಯುಬ್ಬಿತ್ತು. ಎರಡನೆಯದರಲ್ಲಿ ಏನೋ ಮರೆತ ಹಾಗಾಯಿತು. ಮೂರನೆಯದರಲ್ಲಿ ಬಾಗಿಲು ತೆರೆದೇ ಇತ್ತು. ತಾಯಿ ಕುರ್ಚಿಯನ್ನು ಕಿಟಕಿಯಿಂದ ಬಾಗಿಲ ಹತ್ತಿರ ಎಳೆದುಕೊಂಡು ಕಾಯುತ್ತ ಕೂತಿದ್ದರು.

"ಏನಾಯ್ತೋ?"

ತೂಕದವರು ಮೂವತ್ತೈದರ ಕಥೆಯನ್ನು ಮೊದಲಿಂದ ಹೇಳಿದರು. ಹೇಳುತ್ತ ಹೇಳುತ್ತ ದನಿ ಇಳಿಯಿತು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಂದ್ರೆ ಇಪ್ಪತ್ತು ವರ್ಷ ಆದ್ಮೇಲೆ ಲಿಫ್ಟು," ಎಂದರು ತಾಯಿ.

"ಹೂಂ ಅಮ್ಮ. ಆಗ ದೊಡ್ಡದೇ ಹಾಕಿಸಬಹುದು."

"ನನಗೀಗ ಎಪ್ಪತ್ತೊಂಬತ್ತು ಕಣೋ. ಅಷ್ಟು ಹೊತ್ತಿಗೆ ನನ್ನ ಇಳಿಸೋಕೆ ಲಿಫ್ಟ್ ಬೇಕಾಗಲ್ಲ. ನಾಲ್ಕು ಜನ ಸಾಕು."

ತಾಯಿ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಹೇಳಿ, ಕುರ್ಚಿಯನ್ನು ಮತ್ತೆ ಕಿಟಕಿಯ ಹತ್ತಿರ ಎಳೆದುಕೊಂಡರು. ಸೊಸೆ ಹೋಗಿ ಎಳೆಯಲು ಕೈ ಕೊಟ್ಟಳು, ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ತೂಕದವರಿಗೆ ನಾಚಿಕೆಯಾಯಿತು. ಸೋಫಾದ ಮೇಲೆ ಕೂರಲೂ ಮನಸ್ಸಾಗದೆ ಭಾವನ ಹಾಗೆ ನಿಂತೇ ಇದ್ದರು.

ಮರುದಿನ ಬೆಳಿಗ್ಗೆಯೇ ಅಧ್ಯಕ್ಷರ ಮನೆ ಬಾಗಿಲು ತಟ್ಟಿದರು.

"ನಿನ್ನೆ ಮಾಡಿದ ತೀರ್ಮಾನ ವಾಪಸು ತಗೊಳ್ಳೋಣ ಸಾರ್. ನಮ್ಮಮ್ಮನಿಗೆ..."

"ಹೊರಟ ಗಾಡಿನ ಹಿಂದಕ್ಕೆ ಕರೆಯೋಕಾಗುತ್ತೇನ್ರಿ? ಸಭೆಯಲ್ಲಿ ಆಗಿದ್ದು ಸಭೆಯಲ್ಲೇ ಬದಲಾಗಬೇಕು. ಅದಕ್ಕೊಂದು ಕಾರಣ ಬೇಕು. ನಿಮ್ಮ ಲೆಕ್ಕದಲ್ಲೇ ಏನಾದ್ರೂ ತಪ್ಪಿದ್ರೆ ಹೇಳಿ, ಇವತ್ತೇ ಚೀಟಿ ಅಂಟಿಸ್ತೀನಿ."

"ತಪ್ಪಾ?"

"ತಪ್ಪು. ಇದೆಯಾ?"

ಬೇರೆಯವರ ತಕ್ಕಡಿಯಲ್ಲಿ ತಪ್ಪು ಹುಡುಕುವುದೇ ವೃತ್ತಿಯಾದ ಮನುಷ್ಯ ಅಂದಿನಿಂದ ತಮ್ಮ ತಕ್ಕಡಿಯಲ್ಲಿ ಹುಡುಕತೊಡಗಿದರು. ಗುಣಿಸಿದರು, ಭಾಗಿಸಿದರು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಮಾಡಿ ನೋಡಿದರು. ಹಾಳಾದ ಮೂವತ್ತೈದು ಮೂವತ್ತೈದಾಗಿಯೇ ಬರುತ್ತಿತ್ತು. ಕಟ್ಟಡದವರಂತೂ ಅಷ್ಟರಲ್ಲೇ ಮೂರು ಕೋಟಿಯ ವೈಭೋಗಕ್ಕೆ ಒಗ್ಗಿಕೊಂಡಿದ್ದರು. ಡಾಕ್ಟರು ಹೊಸ ಕಟ್ಟಡದಲ್ಲಿ ಕ್ಲಿನಿಕ್ಕಿಗೆ ಯಾವ ಮೂಲೆ ಎಂದು ನೋಡಿಟ್ಟಿದ್ದರು. ಗುಂಡಿಯೊಳಗೆ ಇನ್ನೂ ಎರಡು ಸೈಕಲ್ಲು ಬಂದು ಸೇರಿದ್ದವು.

ಕೊನೆಗೆ ತೂಕದವರು ಬ್ಯಾಂಕಿಗೆ ಹೋಗಿ ಅಲ್ಲಿನ ಮ್ಯಾನೇಜರಮ್ಮನ ಮುಂದೆ ಪೇಪರು ಬಿಡಿಸಿಟ್ಟರು. ಆಕೆ ತಮ್ಮ ಕಂಪ್ಯೂಟರಿನಲ್ಲಿ ಏನೋ ಒತ್ತಿ ನೋಡಿದರು.

"ಇದರಲ್ಲಿ ಒಂದು ಬಿಟ್ಟಿದೀರಲ್ಲ ಸಾರ್. ಈ ಕಂಪನಿಯವರು ನಡುವೆ ಶೇರುಗಳನ್ನ ಒಡೆದಿದ್ದಾರೆ. ಒಂದಿದ್ದಿದ್ದನ್ನ ಒಮ್ಮೆ ಮೂರು ಮಾಡಿದ್ರು, ಆಮೇಲೆ ಒಂದೊಂದನ್ನೂ ನಾಲ್ಕು ಮಾಡಿದ್ರು. ಅದನ್ನ ನೀವು ಹಿಡಿದೇ ಇಲ್ಲ."

"ಅಂದ್ರೆ ನನ್ನ ಲೆಕ್ಕ ತಪ್ಪು."

"ಪೂರ್ತಿ ತಪ್ಪು. ಯಾಕಂದ್ರೆ..."

ತೂಕದವರು ಆ 'ಯಾಕಂದ್ರೆ' ಕೇಳಲು ನಿಲ್ಲಲಿಲ್ಲ. ಕೈಮುಗಿದು, ಮ್ಯಾನೇಜರಮ್ಮನ ಪೆನ್ನನ್ನು ಜೇಬಿಗಿಟ್ಟುಕೊಂಡು, ತಮ್ಮ ಛತ್ರಿಯನ್ನು ಅಲ್ಲೇ ಬಿಟ್ಟು ಹೊರಬಿದ್ದರು. ತಮ್ಮ ಲೆಕ್ಕ ತಪ್ಪಾದದ್ದಕ್ಕೆ ಇಷ್ಟು ಸಂತೋಷಪಟ್ಟ ಮನುಷ್ಯ ಸರ್ಕಾರಿ ನೌಕರಿಯಲ್ಲಿ ಇನ್ನೊಬ್ಬ ಸಿಗಲಾರ. ಒಂದು ವಸ್ತುವನ್ನು ತುಂಡು ಮಾಡಿದರೆ ಅದರ ಬೆಲೆ ಇಳಿಯುತ್ತದೆ ಎಂಬುದು ಅವರ ತಿಳಿವಳಿಕೆ. ಬಟ್ಟೆಯಲ್ಲಿ ಹಾಗೆ, ಗಾಜಿನಲ್ಲಿ ಹಾಗೆ, ಶೇರಿನಲ್ಲಿ ಯಾಕಾಗಬಾರದು?

"ಅಮ್ಮ, ಲಿಫ್ಟ್ ಬಂತು ಅಂತಲೇ ತಿಳ್ಕೋ," ಎಂದು ಮೆಟ್ಟಿಲಿನಿಂದಲೇ ಕೂಗಿ ಹೇಳಿದರು.

"ಬರಲಿ, ಆಮೇಲೆ ತಿಳ್ಕೋತೀನಿ," ಎಂದರು ತಾಯಿ.

ಮುಂದಿನ ಭಾನುವಾರ ಸಭೆ ಸೇರಿತು. ತೂಕದವರು ಆಫೀಸಿನಿಂದ ಒಂದು ಕಪ್ಪು ಹಲಗೆ ತಂದು ಸ್ಕೂಟರಿಗೆ ಒರಗಿಸಿಟ್ಟಿದ್ದರು. ನನ್ನ ಲೆಕ್ಕ ತಪ್ಪು, ಸಭೆ ನನ್ನನ್ನು ಕ್ಷಮಿಸಬೇಕು, ನನ್ನ ಮಾತು ನಂಬಿ ಲಿಫ್ಟ್ ರದ್ದು ಮಾಡಬಾರದಿತ್ತು ಎಂದು ಮೊದಲು ಒಂದು ಚಿಕ್ಕ ಭಾಷಣ ಮಾಡಿದರು. ಡಾಕ್ಟರ ಮುಖ ಸಪ್ಪಗಾಯಿತು. ಹೊಸ ಕ್ಲಿನಿಕ್ಕಿನ ಮೂಲೆ ಅವರ ಕಣ್ಣೆದುರೇ ಕುಸಿಯುತ್ತಿತ್ತು.

"ಹಾಗಾದ್ರೆ ಸರಿಯಾದ ಲೆಕ್ಕ ಎಷ್ಟು? ಅದನ್ನಾದ್ರೂ ಬರೀರಿ," ಎಂದರು ಅಧ್ಯಕ್ಷರು.

ತೂಕದವರು ಸೀಮೆಸುಣ್ಣ ತೆಗೆದುಕೊಂಡು ಉತ್ಸಾಹದಿಂದ ಬರೆಯತೊಡಗಿದರು. ಒಂದು ಶೇರು. ಅದನ್ನು ಮೂರು ಮಾಡಿದರು. ಮೂರನ್ನು ಹನ್ನೆರಡು ಮಾಡಿದರು. ಪೇಪರಿನಲ್ಲಿ ಇವತ್ತಿನ ಬೆಲೆ ಎಂದು ಹಾಕಿರುವುದು ಈ ಹನ್ನೆರಡರಲ್ಲಿ ಒಂದರದು. ಅಂದರೆ ಆಗ ಒಂದು ಕೊಂಡವನ ಹತ್ತಿರ ಈಗ ಅಂಥವು ಹನ್ನೆರಡು... ಸೀಮೆಸುಣ್ಣ ನಿಧಾನವಾಯಿತು. ಅಂದರೆ ಮೂರು ಕೋಟಿ ಹದಿನೈದು ಲಕ್ಷವನ್ನು ಹನ್ನೆರಡರಿಂದ ಭಾಗಿಸುವುದಲ್ಲ. ಗುಣಿಸುವುದು.

ಈ ಗಳಿಗೆಯಲ್ಲಿ ಬುದ್ಧಿವಂತನಾದವನು ಕೈಗೆ ಬಂದ ಸಣ್ಣದೊಂದು ಸಂಖ್ಯೆ ಬರೆದು ಕೂತುಬಿಡುತ್ತಿದ್ದ. ತೂಕದವರಿಗೂ ಅದು ಹೊಳೆಯದೆ ಇರಲಿಲ್ಲ. ಮೂರನೇ ಮಹಡಿಯ ಕಿಟಕಿಯಲ್ಲಿ ತಾಯಿ ಕೂತಿರುವುದೂ ಗೊತ್ತಿತ್ತು. ಆದರೆ ಸರಿಯಿಲ್ಲದ ತಕ್ಕಡಿಗೆ ಒಮ್ಮೆಯೂ ಮುದ್ರೆ ಒತ್ತದ ಕೈ ಅದು. ಕೊನೆಗೆ ಸರಿಯಾದದ್ದನ್ನೇ ಬರೆಯಿತು. ಮೂವತ್ತೇಳು ಕೋಟಿ ಎಂಬತ್ತು ಲಕ್ಷ.

"ಮನೆಗೆಷ್ಟು?" ಎಂದಳು ಡಾಕ್ಟರ ಹೆಂಡತಿ, ಎಲ್ಲರಿಗಿಂತ ಮೊದಲು ಉಸಿರು ಬಂದವಳು.

"ಮನೆಗೆ ಮೂರು ಕೋಟಿ ಹದಿನೈದು ಲಕ್ಷ," ಎಂದು ಹೇಳಿ ತೂಕದವರು ಹಲಗೆಯ ಪಕ್ಕದ ಸ್ಕೂಟರಿನ ಮೇಲೆ ಕುಸಿದು ಕೂತರು. ಹೋದ ಸಲ ತಾಯಿಯ ಲಿಫ್ಟನ್ನು ಒಮ್ಮೆ ಕಿತ್ತುಕೊಂಡಿದ್ದರು, ಈ ಸಲ ಹನ್ನೆರಡು ಸಲ ಕಿತ್ತುಕೊಂಡ ಹಾಗಾಯಿತು ಎಂದು ಅವರಿಗೆ ಅಳುವೇ ಬಂತು.

ಸಭೆಯಲ್ಲಿ ಚಪ್ಪಾಳೆ ಬೀಳಲಿಲ್ಲ. ಅದನ್ನು ಅವರು ಗಮನಿಸಲಿಲ್ಲ. ಅಷ್ಟೂ ಮನೆಯವರು ಒಬ್ಬರು ಇನ್ನೊಬ್ಬರನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಕೊನೆಗೆ ಡಾಕ್ಟರು ಕೆಮ್ಮಿದರು.

"ಈ ದುಡ್ಡು ಯಾರ ಹೆಸರಲ್ಲಿ ಇರುತ್ತೆ?"

"ಅಧ್ಯಕ್ಷರ ಹೆಸರಲ್ಲಿ. ಇಷ್ಟು ವರ್ಷ ನನ್ನ ಮನೆ ಡ್ರಾಯರಲ್ಲೇ ಪಾಸ್‌ಬುಕ್ ಇರಲಿಲ್ವಾ?" ಎಂದರು ಅಧ್ಯಕ್ಷರು.

"ಅದು ಒಂಬತ್ತು ಲಕ್ಷ. ಇದು ಮೂವತ್ತೇಳು ಕೋಟಿ ಎಂಬತ್ತು ಲಕ್ಷ."

"ಏನು ಹಾಗಂದ್ರೆ? ಮೂವತ್ತು ವರ್ಷ ಸರ್ವಿಸ್ ಮಾಡಿದೀನಿ. ಒಂದು ಗಾಡಿನಾದ್ರೂ ಮನೆಗೆ ತಗೊಂಡು ಹೋಗಿದೀನಾ?"

"ಗಾಡಿ ತಗೊಂಡು ಹೋಗಿ ಎಲ್ಲಿ ನಿಲ್ಲಿಸ್ತಿದ್ರಿ?" ಎಂದಳು ಡಾಕ್ಟರ ಹೆಂಡತಿ. "ನಿಮ್ಮ ಅಳಿಯ ಪಾಸ್‌ಪೋರ್ಟ್ ಆಫೀಸಲ್ಲಿ ಇದಾರೆ ಅನ್ನೋದು ನಮಗೆ ಗೊತ್ತಿಲ್ಲ ಅಂದ್ಕೊಂಡ್ರಾ?"

ಅಳಿಯನ ಮಾತು ಬಂದ ಮೇಲೆ ಸಭೆಗೆ ಸಭೆಯ ಲಕ್ಷಣ ಉಳಿಯಲಿಲ್ಲ. ಡಾಕ್ಟರ ಹೆಸರಲ್ಲಿ ಇರಲಿ ಎಂದು ಅವರ ಹೆಂಡತಿಯೇ ಸೂಚಿಸಿದಳು. ನಾಲಿಗೆ ಮರಗಟ್ಟಿಸಿ ಇನ್ನೊಂದೇ ಹಲ್ಲು ಕೀಳುವವರ ಹೆಸರಲ್ಲಿ ಕೋಟಿ ಇಡುವುದೇ ಎಂದು ಅಧ್ಯಕ್ಷರು ಕೇಳಿದರು. ಎಲ್ಲರ ಹೆಸರಲ್ಲೂ ಇರಲಿ ಎಂದರೆ, ಒಬ್ಬರು ಸತ್ತರೆ ಅವರ ಪಾಲು ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಆಗ ಎಲ್ಲರೂ ಎಲ್ಲರ ಆರೋಗ್ಯವನ್ನು ಕಣ್ಣಲ್ಲೇ ಅಳೆದರು. ದೊಡ್ಡ ಬಾಲ್ಕನಿಯ ಮನೆಯವರು ತಮಗೆ ಹೆಚ್ಚು ಪಾಲು ಬೇಕೆಂದರು. ಬಾಡಿಗೆಗೆ ಇದ್ದವರೊಬ್ಬರು, ತಿಂಗಳು ತಿಂಗಳು ಕೊಟ್ಟಿದ್ದು ನಾವು, ಕೋಟಿ ಮಾತ್ರ ಮನೆ ಓನರಿಗಾ ಎಂದು ಕುರ್ಚಿ ಹತ್ತಿ ನಿಂತರು. ಹತ್ತು ವರ್ಷ ಒಂದೇ ನೀರಿನ ಟ್ಯಾಂಕಿನಿಂದ ಕುಡಿದವರು ಇನ್ನೂ ಹುಟ್ಟದ ದುಡ್ಡಿಗಾಗಿ ನೀನು ನಾನು ಎನ್ನುವ ಮಟ್ಟಕ್ಕೆ ಇಳಿದರು.

"ಒಂದು ಮಾತು," ಎಂದರು ಸಂಗೀತದ ಟೀಚರು. ಅವರು ಎತ್ತರದ ಶ್ರುತಿಯಲ್ಲಿ ಹೇಳಿದ್ದರಿಂದ ಎಲ್ಲರಿಗೂ ಕೇಳಿಸಿತು. "ಯಾರ ಮೇಲೂ ಯಾರಿಗೂ ನಂಬಿಕೆ ಇಲ್ಲ. ಸರಿ. ಯಾರೂ ಹೊತ್ತುಕೊಂಡು ಹೋಗೋಕಾಗದೇ ಇರೋ ವಸ್ತು ಯಾವುದಾದ್ರೂ ಇದ್ರೆ ಅದರ ಮೇಲೆ ಹಾಕಿಬಿಡಿ."

"ಅಂಥದ್ದು ಏನಿದೆ?" ಎಂದರು ಡಾಕ್ಟರು.

ಟೀಚರು ಸೈಕಲ್ಲು ತುಂಬಿದ ಗುಂಡಿಯ ಕಡೆ ಕೈ ತೋರಿಸಿದರು.

ಮೊದಲು ಅಧ್ಯಕ್ಷರಿಗೆ ಅರ್ಥವಾಯಿತು. ಲಿಫ್ಟನ್ನು ಡಾಕ್ಟರು ಜೇಬಿಗೆ ಹಾಕಿಕೊಳ್ಳಲಾರರು. ಅಷ್ಟರಲ್ಲಿ ಡಾಕ್ಟರಿಗೂ ಅರ್ಥವಾಯಿತು. ಲಿಫ್ಟಿಗೆ ಪಾಸ್‌ಪೋರ್ಟ್ ಸಿಗುವುದಿಲ್ಲ. ಎಲ್ಲ ಕೈಗಳೂ ಒಟ್ಟಿಗೆ ಎದ್ದವು, ಈ ಸಲ ತೂಕದವರು ತಮ್ಮ ಎರಡೂ ಕೈ ಎತ್ತಿದರು. ದುಡ್ಡು ಬ್ಯಾಂಕಿನಲ್ಲಿ ಇನ್ನೊಂದು ದಿನ ಇರುವುದೂ ಅಪಾಯ ಎಂದು ಸಭೆ ಅಭಿಪ್ರಾಯಪಟ್ಟಿತು. ಮರುದಿನ ಚೆಕ್ಕು ಬರೆದಾಗ ಅದನ್ನು ಒಬ್ಬರ ಕೈಯಲ್ಲಿ ಕೊಟ್ಟು ಕಳಿಸಲು ಯಾರೂ ಒಪ್ಪದೆ, ಹನ್ನೆರಡು ಮನೆಯವರೂ ಸಾಲಾಗಿ ನಡೆದು ಹೋಗಿ ಲಿಫ್ಟ್ ಕಂಪನಿಯ ಕೌಂಟರಿನಲ್ಲಿ ಇಟ್ಟು ಬಂದರು. ಕೌಂಟರಿನವನು ಗಲಾಟೆ ಮಾಡಲು ಬಂದ ಗುಂಪೆಂದು ಹೆದರಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದನಂತೆ.

ಲಿಫ್ಟಿಗೆ ಕಾರಣರಾದ ತೂಕದವರಿಗೆ ಯಾರೂ ಹಾರ ಹಾಕಲಿಲ್ಲ. ಮನೆಗೆ ಮೂರು ಕೋಟಿ ಹದಿನೈದು ಲಕ್ಷ ಕಳೆದವರು ಎಂದೇ ಕಟ್ಟಡದಲ್ಲಿ ಅವರ ಹೆಸರಾಯಿತು. ಆಫೀಸಿನಲ್ಲಿ ಹೊಸ ಲೆಕ್ಕದ ಪ್ರಕಾರ ಗುಜರಿಗೆ ಹೋದ ಕಾರಿನ ಬೆಲೆ ಎಂಟು ಕೋಟಿ ನಲವತ್ತು ಲಕ್ಷವೆಂದು ತಿಳಿದು ಸಾಹೇಬರು ಈ ಸಲ ಒಂದು ವಾರ ರಜೆ ಹಾಕಿದರು. ಬಂದ ಮೇಲೆ ತೂಕದವರಿಗೆ ಕೂತುಕೊಳ್ಳಿ ಎನ್ನಲಿಲ್ಲ. ಭಾವ ಫೋನಿನಲ್ಲೇ ವಿಷಯ ಕೇಳಿ, "ಒಂದು ಕೋಟಿ ಎಪ್ಪತ್ತಾರು ಲಕ್ಷದ ನಲವತ್ತು ಸಾವಿರವಾ? ಈಗಲೂ ನಾನು ನಿಂತುಕೊಂಡೇ ಮಾತಾಡ್ತಿದೀನಿ," ಎಂದು ಇಟ್ಟರು.

ಸೈಕಲ್ಲುಗಳು ಹೊರಗೆ ಬಂದವು. ಲಿಫ್ಟು ಒಳಗೆ ಹೋಯಿತು. ಅದು ಓಡಲು ಶುರುವಾದ ದಿನ ತೂಕದವರು ಆಫೀಸಿನಿಂದ ಬಂದು ಗುಂಡಿ ಒತ್ತಿದರು. ಲಿಫ್ಟು ಬರಲಿಲ್ಲ. ಎರಡು ಎಂದು ತೋರಿಸಿತು, ಮೂರು ಎಂದು ತೋರಿಸಿತು, ಮತ್ತೆ ಎರಡು. ಮನೆಯಿಂದ ಅಧ್ಯಕ್ಷರು ಹೊರಗೆ ಬಂದರು.

"ಮಧ್ಯಾಹ್ನದಿಂದ ಹೀಗೇ ಆಡ್ತಿದೆ. ಯಾರೋ ಬಿಡ್ತಾನೇ ಇಲ್ಲ. ಬನ್ನಿ, ಹಿಡಿಯೋಣ."

ಇಬ್ಬರೂ ಮೆಟ್ಟಿಲು ಹತ್ತಿದರು. ಒಂದನೇ ಮಹಡಿಗೆ ಬರುವಷ್ಟರಲ್ಲಿ ಲಿಫ್ಟು ಅವರ ಕಣ್ಣೆದುರೇ ಕೆಳಗೆ ಹೋಯಿತು. ಎರಡನೆಯದಕ್ಕೆ ಬರುವಷ್ಟರಲ್ಲಿ ಮೇಲೆ ಹೋಯಿತು. ಮೂರನೆಯ ಮಹಡಿಯಲ್ಲಿ ಇಬ್ಬರೂ ಕಂಬಿ ಹಿಡಿದು ಏದುಸಿರು ಬಿಡುತ್ತ ನಿಂತಿದ್ದಾಗ ಬಾಗಿಲು ತೆರೆಯಿತು. ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ತೂಕದವರ ತಾಯಿ ಕೂತಿದ್ದರು. ಇನ್ನೊಂದು ಕುರ್ಚಿಯಲ್ಲಿ ಡಾಕ್ಟರ ಅತ್ತೆ. ಇಬ್ಬರೂ ತಲೆ ಬಾಚಿಕೊಂಡು ಒಳ್ಳೆ ಸೀರೆ ಉಟ್ಟಿದ್ದರು. ಇಬ್ಬರ ಮಡಿಲಲ್ಲೂ ಆ ಹೊಸ ಅಂಗಡಿಯ ಪೊಟ್ಟಣವಿತ್ತು.

"ಬಂದ್ಯಾ? ಕೆಳಗೆ ಹೋಗ್ತಿದೀವಿ. ಬರ್ತೀಯಾ?" ಎಂದರು ತಾಯಿ.

ಈಗಷ್ಟೇ ಮೂರು ಮಹಡಿ ಹತ್ತಿ ಬಂದವರು ತೂಕದವರು. ಕೆಳಗೆ ಏನು ಕೆಲಸ ಎಂದು ಕೇಳಲಿಲ್ಲ. ಒಳಗೆ ಹೋಗಿ ಎರಡು ಕುರ್ಚಿಗಳ ನಡುವೆ ಒತ್ತಿಕೊಂಡು ನಿಂತರು. ನಾಲ್ಕನೆಯವರಿಗೆ ಜಾಗವಿರಲಿಲ್ಲ. ಹೊರಗೆ ಅಧ್ಯಕ್ಷರು ಎದೆ ನೀವಿಕೊಳ್ಳುತ್ತ, "ಮೂವತ್ತೇಳು ಕೋಟಿ... ಎಂಬತ್ತು ಲಕ್ಷ..." ಎನ್ನುತ್ತಿದ್ದರು.

"ಯಾಕಂತೆ ಅವರಿಗೆ?" ಎಂದರು ತಾಯಿ.

"ಏನಿಲ್ಲಮ್ಮ. ನಷ್ಟದಲ್ಲಿದ್ದಾರೆ."

"ಪಾಪ," ಎಂದು ತಾಯಿ ಕೆಳಗಿನ ಗುಂಡಿ ಒತ್ತಿದರು.